ಕಾಲಿಗೆ ಕಟ್ಟಿದ ಹುಟ್ಟು

ಬಿವಾ ಸರೋವರದಲ್ಲಿ ನಾನು ದೋಣಿ ಇಳಿಸಿದರೆ ಮೀನುಗಳೇ ದಾರಿ ಬಿಡುತ್ತವೆ, ಸುಳ್ಳಲ್ಲ. ಆದರೂ ಗೆಳೆಯ ತೋಕುಜಿ ತಂದ ಹೊಸ ಹಿನೋಕಿ ಮರದ ಹುಟ್ಟನ್ನು ಕಂಡು ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿತು.

ಅಂದು ದಡದಲ್ಲೇ ಡೇರೆ ಹಾಕಿದೆವು. ಅಲ್ಲಿ ದೋಣಿಯ ಸಾಮಾನು ಕಳುವಾಗುತ್ತದೆಂದು ತೋಕುಜಿ ಇಬ್ಬರ ಹುಟ್ಟುಗಳ ಹಿಡಿಯ ತೂತಿಗೂ ಒಂದೇ ಹಗ್ಗ ಪೋಣಿಸಿ, ಹುಟ್ಟುಗಳನ್ನು ಡೇರೆಯ ಹೊರಗಿಟ್ಟು, ಹಗ್ಗದ ಎರಡೂ ತುದಿಗಳನ್ನು ಒಳಗೆ ನನ್ನ ಎಡಗಾಲಿಗೆ ಬಿಗಿದ.

"ನನ್ನ ಕಾಲಿಗೇ ಯಾಕೋ?"

"ಕಣ್ಣಿಟ್ಟಿರೋ ಕಳ್ಳನ ಕಾಲಿಗೇ ಕಟ್ಟಿದ್ರೆ ನಿಶ್ಚಿಂತೆ ಕಣೋ!"

ನಡುರಾತ್ರಿ ಹೊರಗಿನಿಂದ ಯಾರೋ ಹಗ್ಗ ಎಳೆದರು. ಹೆಜ್ಜೆಯ ಸದ್ದಿಲ್ಲ, ಬರೀ ಕೆಸರಿನ ವಾಸನೆ. ಕಾಲು ಮಂಜುಗಡ್ಡೆಯಾಯಿತು. ಮತ್ತೆ ಎಳೆದರು. ನೂರು ಕಳ್ಳರನ್ನು ಒದ್ದೋಡಿಸಿದ ನಾನು ಕೂಗಲಿಲ್ಲ. "ಹೊಸದನ್ನೇ ತಗೊಂಡ್ಹೋಗು," ಎಂದು ಪಿಸುಗುಟ್ಟಿದೆ. ಆಮೇಲೆ ನೀರಿನಲ್ಲಿ ಹುಟ್ಟು ಹಾಕುವ ಸದ್ದು ಬೆಳಗಿನವರೆಗೂ ಕೇಳಿತು.

ಬೆಳಗ್ಗೆ ನೋಡಿದರೆ ಹೊಸ ಹುಟ್ಟು ಅಲ್ಲೇ ಇತ್ತು. ಹೋದದ್ದು ನನ್ನದು. ಹಗ್ಗ ಹರಿದಿರಲಿಲ್ಲ, ಗಂಟು ಬಿಚ್ಚಿರಲಿಲ್ಲ.

"ದೆವ್ವಕ್ಕೂ ನಿನ್ನ ಹಳೇದೇ ಬೇಕಾಯ್ತಾ? ನಂದ್ರಲ್ಲೇನೋ ಕಮ್ಮಿ?" ಎಂದು ತೋಕುಜಿ ಮುಖ ಊದಿಸಿಕೊಂಡ.

ನನಗೆ ಹೆಮ್ಮೆಯೇ. ಆದರೆ ಎಡಗಾಲು ಇಂದಿಗೂ ತಣ್ಣಗಿದೆ. ಹಗ್ಗ ಕಟ್ಟದೆ ಮಲಗಿದರೂ ರಾತ್ರಿಗೆ ಎರಡು ಸಲ ಯಾರೋ ಎಳೆಯುತ್ತಾರೆ.