ಕವಿನ್ಯಾಳ ಕೆರೆ

"ಏ ಕವಿನ್ಯಾ, ಎಲ್ಲೇ ನಿನ್ನ ಕೆರೆ? ಈಜೋಣ ಅಂತ ನಾನು ಚಡ್ಡಿ ಬೇರೆ ತಂದಿದ್ದೀನಿ!"

ಮುಟುಕು ಹೀಗೆ ಕೂಗಿದ್ದೇ ತಡ, ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕವಿನ್ಯಾಳ ಕಿವಿ ಬಿಸಿಯಾಯಿತು. ಅವತ್ತೂ ಅವಳು ಲೇಟು. ಮೊದಲನೇ ಪೀರಿಯಡ್ಡಿನ ಗಣಿತ ಅವತ್ತೂ ಮುಗಿದುಹೋಗಿತ್ತು.

ಏನು ಮಾಡುವುದು? ಅಮ್ಮ ಬೇರೆಯವರ ತೋಟದ ಮಾವಿನಹಣ್ಣು ಮಾರಲು ನಸುಕಿನಲ್ಲೇ ಮಚಾಕೋಸ್ ಪೇಟೆಯ ಸಂತೆಗೆ ಹೋಗುತ್ತಾಳೆ. ನೀರು ತರುವವಳು ಕವಿನ್ಯಾ. ಕತ್ತೆ ಹೊಡೆದುಕೊಂಡು ದೂರದ ದೊಡ್ಡ ಹೊಳೆಗೆ ಹೋಗಿ, ಮರಳಿನಲ್ಲಿ ತೋಡಿದ ಆಳದ ಗುಂಡಿಯಿಂದ ಕ್ಯಾನು ತುಂಬಿ ತರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ. "ಹೀಗಾದ್ರೆ ಪರೀಕ್ಷೇಲಿ ಏನು ಬರೀತೀಯಮ್ಮಾ?" ಎಂದು ಮೇಷ್ಟ್ರು ಕೇಳಿದ್ದರು.

ಕೆರೆಯ ಸುದ್ದಿ ಹಬ್ಬಿಸಿದವಳು ಅವಳೇ. ಊರಲ್ಲಿ ಮ್ವೆತ್ಯಾ ಗುಂಪು ಅಂತ ಇದೆ. ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ಎಲ್ಲರೂ ನನ್ನ ಹೊಲಕ್ಕೆ ಎಂದು ಕೂಡಿ ದುಡಿಯುವವರು. ಅವರು ಮನೆ ಹಿಂದಿನ ಹಳ್ಳಕ್ಕೆ ಅಡ್ಡಗೋಡೆ ಕಟ್ಟಲು ಹೊರಟಾಗ ಕವಿನ್ಯಾಳೂ ಕಲ್ಲು ಹೊತ್ತಳು, ಅವರ ಜೊತೆ ಹಾಡಿದಳು, ಅವರದೇ ಪಾತ್ರೆಯಲ್ಲಿ ಜೋಳ-ಹುರುಳಿ ಬೇಯಿಸಿದ್ದನ್ನು ತಿಂದಳು. ಮಳೆ ಬಂದರೆ ಆ ಹಳ್ಳ ಭೋರೆಂದು ಹರಿಯುತ್ತಿತ್ತು, ಮಾರನೇ ದಿನ ಬರೀ ಬೋಳುಬಂಡೆ. ಗೋಡೆ ಕಟ್ಟಿದರೆ ಕೆರೆಯೇ ಆಗಿಬಿಡುತ್ತದೆ! ದೊಡ್ಡವರು ಇನ್ನೂ ಏನೇನೋ ಮಾತಾಡಿಕೊಂಡಿದ್ದರು. ಅದನ್ನೆಲ್ಲ ಕೇಳುವ ತಾಳ್ಮೆ ಅವಳಿಗೆಲ್ಲಿ? ಶಾಲೆಯಲ್ಲೆಲ್ಲ ಡಂಗುರ ಹೊಡೆದಳು.

ಎರಡು ಮಳೆಗಾಲ ಕಳೆಯಿತು. ಗೋಡೆಯ ಹಿಂದೆ ಅಂಚಿನವರೆಗೂ ತುಂಬಿತು. ತುಂಬಿದ್ದು ನೀರಲ್ಲ, ಮರಳು.

"ಅಜ್ಜೀ, ಹಳ್ಳ ನಮಗೆ ಮೋಸ ಮಾಡ್ತು," ಮುಟುಕು ಅಣಕಿಸಿದ ದಿನ ಶಾಲೆಯಿಂದ ಬಂದವಳೇ ಕವಿನ್ಯಾ ದೂರಿದಳು.

ಅಜ್ಜಿ ಹುರುಳಿ ಆರಿಸುತ್ತಲೇ ನಕ್ಕಳು. "ಚೆನ್ನಾಗೇ ತುಂಬಿದೆಯಲ್ಲೇ! ನಾಳೆ ಗುಂಪಿನೋರು ಬರ್ತಾರೆ, ನೋಡುವಂತೆ."

ನಾಳೆಯವರೆಗೆ ಕಾಯುವ ಜೀವವೇ ಅದು? ಗುದ್ದಲಿ, ಬೋಗುಣಿ ಎತ್ತಿಕೊಂಡು ಹಳ್ಳಕ್ಕೆ ಓಡಿದಳು. ಮರಳನ್ನೆಲ್ಲ ತೆಗೆದುಹಾಕಿದರೆ ಮುಂದಿನ ಮಳೆಗೆ ನೀರು ನಿಲ್ಲಲು ಜಾಗವಾಗುತ್ತದೆ ಎನ್ನುವುದು ಅವಳ ಲೆಕ್ಕ. ಅಗೆದಳು, ಗೋಡೆಯಾಚೆ ಸುರಿದಳು. ಬೆನ್ನು ನೋಯುತ್ತಿತ್ತು, ಕೋಪಕ್ಕೆ ಅಳುವೂ ಬರುತ್ತಿತ್ತು.

ಗುಂಡಿ ಮೊಣಕಾಲುದ್ದ ಆದಾಗ ಮರಳಿನ ಬಣ್ಣ ಬದಲಾಯಿತು. ಕಪ್ಪಗೆ, ತಣ್ಣಗೆ. ಇನ್ನೂ ಕೆದಕಿದಳು. ತಳದಲ್ಲಿ ಏನೋ ಮಿನುಗಿತು. ಬೆರಳು ಅದ್ದಿದಳು.

ನೀರು!

ಮಳೆ ನಿಂತು ಎಷ್ಟೋ ವಾರಗಳಾಗಿದ್ದವು. ಊರಿನ ಹೊಂಡಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಇದು ಎಲ್ಲಿಂದ ಬಂತು? ಕವಿನ್ಯಾ ಬೋರಲು ಮಲಗಿ ಗುಂಡಿಯೊಳಗೆ ಇಣುಕಿದಳು. ನೀರು ಮೆಲ್ಲಗೆ ಏರುತ್ತಿತ್ತು.

ದೊಡ್ಡ ಹೊಳೆಯಲ್ಲೂ ಮೇಲೆ ಒಣಮರಳೇ ತಾನೇ? ನೀರು ಇರುವುದು ಅದರ ಕೆಳಗೆ, ಬಿಸಿಲಿಗೆ ಸಿಗದ ಹಾಗೆ. ಈ ಹಳ್ಳದಲ್ಲಿ ಮರಳೇ ನಿಲ್ಲುತ್ತಿರಲಿಲ್ಲ. ಅದಕ್ಕೇ ನೀರೂ ನಿಲ್ಲುತ್ತಿರಲಿಲ್ಲ. ಹಾಗಾದರೆ ಗೋಡೆ ಕಟ್ಟಿದ್ದು...

"ಅಯ್ಯೋ ಹುಚ್ಚೀ!" ಅಜ್ಜಿ ದಡದಲ್ಲಿ ನಿಂತಿದ್ದಳು. "ಕೆರೇನೇ ಎತ್ತಿ ಆಚೆ ಎಸೀತಿದ್ದೀಯಲ್ಲೇ!"

ಕವಿನ್ಯಾಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಇಳಿದು ಬಂದು ಬೊಗಸೆಯಲ್ಲಿ ನೀರೆತ್ತಿ ಕುಡಿದಳು. "ಇನ್ಮೇಲೆ ನಿಮ್ಮಮ್ಮ ಈ ನೀರಲ್ಲಿ ಬೆಳೆದ ನಮ್ಮ ಹಿತ್ತಲ ಸೊಪ್ಪನ್ನೇ ಸಂತೇಲಿ ಮಾರ್ತಾಳೆ ನೋಡು," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಅಷ್ಟರಲ್ಲಿ ಮುಟುಕು ಮೇಕೆಗಳ ಹಿಂದೆ ಬಂದ. ಮರಳಿನ ನಟ್ಟನಡುವೆ ನಿಂತು ಹಲ್ಲು ಕಿರಿದ. "ಏನೇ, ಕೆರೆ ಸಿಕ್ತಾ?"

"ನಿಂತಿದ್ದೀಯಲ್ಲ, ಅದರ ಮೇಲೇ."

ಮುಟುಕು ತನ್ನ ಕಾಲು ನೋಡಿಕೊಂಡ. ಗುಂಡಿ ನೋಡಿದ. ಬಗ್ಗಿ ತಾನೂ ಬೆರಳು ಅದ್ದಿದ.

ಕವಿನ್ಯಾ ಆಗಲೇ ಗೋಡೆಯಾಚೆ ಇಳಿದಿದ್ದಳು. ತಾನು ಎಸೆದ ಮರಳನ್ನು ಒಂದು ಹಿಡಿಯೂ ಬಿಡದೆ ಬೋಗುಣಿಗೆ ಬಳಿಯುತ್ತಿದ್ದಳು.

"ಮುಟುಕೂ," ಅಲ್ಲಿಂದಲೇ ಕೂಗಿದಳು, "ಮೊದಲನೇ ಪೀರಿಯಡ್ಡಲ್ಲಿ ಮೇಷ್ಟ್ರು ಗಣಿತ ಹೇಗೆ ಶುರು ಮಾಡ್ತಾರೋ?"