ಚಿನ್ನದ ರೇಕಿನ ಮೇಲೊಂದು ಸೀನು

"ಮಾತ್ರೆ ಕೊಡಿ ಅಂದೆ. ನನ್ನ ಕೆಲಸ ಏನು ಅಂತ ನಿಮಗ್ಯಾಕೆ?"

ಇಷ್ಟು ಹೇಳುವಷ್ಟರಲ್ಲಿ ಅವಳು ಮೂರು ಸಲ ಸೀನಿದ್ದಳು. ನಾಲ್ಕನೆಯ ಸೀನಿಗೆ ಡಾಕ್ಟರು ಬರೆದುಕೊಟ್ಟ ಚೀಟಿ ಹಾರಿ ನೆಲಕ್ಕೆ ಬಿತ್ತು. ಔಷಧಿ ಅಂಗಡಿಯವನು ನಗದೆ ಅದನ್ನು ಎತ್ತಿಕೊಂಡ. ಅವನು ನಗದಿದ್ದದ್ದೇ ಅವಳ ಕೋಪ ಹೆಚ್ಚಿಸಿತು. ನಕ್ಕಿದ್ದರೆ ಜಗಳಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು!

ಮೂರು ಪ್ರಶ್ನೆ ಕೇಳದೆ ಯಾರ ಕೈಗೂ ಔಷಧಿ ಕೊಡದ ಅವನಿಗೆ ಬೀದಿಯವರು ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಧೂಳಿನ ಅಲರ್ಜಿಗೆ ಮಾತ್ರೆ ಇಲ್ಲವೇ ಮೂಗಿನ ಸ್ಪ್ರೇ, ಯಾವುದು ಒಗ್ಗುತ್ತದೋ ಅದು ಎಂದು ಡಾಕ್ಟರು ಬರೆದಿದ್ದರು.

ಕೊನೆಗೆ ಅವಳೇ ಸೋತು ಹೇಳಿದಳು. ಎದುರಿನ ಕಾರ್ಖಾನೆಯಲ್ಲಿ ಚಿತ್ರ, ಕನ್ನಡಿಗಳ ಚೌಕಟ್ಟಿಗೆ ಚಿನ್ನದ ರೇಕು, ಅಂದರೆ ಉಸಿರಿಗೂ ಹಾರುವಷ್ಟು ತೆಳುವಾದ ಹಾಳೆ, ಅಂಟಿಸುವುದು ಅವಳ ಕೆಲಸ.

"ಹಾಗಾದ್ರೆ ಈ ಮಾತ್ರೆ ಬೇಡ, ತೂಕಡಿಕೆ ಬರಬಹುದು. ಸ್ಪ್ರೇ ತಗೊಳ್ಳಿ. ದಿನಾ ಬಿಡದೆ ಹಾಕ್ಕೊಳ್ಳಿ. ಪೂರ್ತಿ ಗುಣ ಕಾಣೋಕೆ ಎರಡು ವಾರ ಬೇಕು."

ಎರಡು ವಾರ... ಅವಳ ಬಳಿ ಇದ್ದದ್ದೇ ಮೂರು ವಾರ!

ಕಾರ್ಖಾನೆ ಅವಳನ್ನು ಸಾಕಿ ಬೆಳೆಸಿದ ದೊಡ್ಡಪ್ಪನದು. ಅವರ ಕೈ ಈಗ ನಡುಗುತ್ತಿತ್ತು. ಮ್ಯೂಸಿಯಂನ ಆಳೆತ್ತರದ ಕನ್ನಡಿಯ ಚೌಕಟ್ಟಿಗೆ ಮೂರು ವಾರದ ಮೇಲೆ ಅವಳು ಅಧಿಕಾರಿಗಳ ಕಣ್ಣೆದುರೇ, ನಡುವೆ ಏಳದೆ ರೇಕು ಕೂರಿಸಿ ತೋರಿಸಬೇಕಿತ್ತು. ಗೆದ್ದರೆ ದೊಡ್ಡಪ್ಪನ ಕುರ್ಚಿ ಅವಳದು. ಸೋತರೆ ಹೊರಗಿನ ಕುಶಲಕರ್ಮಿ ಬಂದು ಕೂರುತ್ತಾನೆ, ಅವಳು ಮತ್ತೆ ಮರ ಉಜ್ಜುತ್ತಾ ಜೀವನವಿಡೀ ಧೂಳು ಕುಡಿಯಬೇಕು.

ಐದು ದಿನ ತಪ್ಪದೆ ಸ್ಪ್ರೇ ಹಾಕಿಕೊಂಡಳು. ಗಂಟಲೆಲ್ಲ ಕಹಿ. ಐದನೆಯ ದಿನ ಒಂದೇ ಸೀನಿಗೆ ರೇಕು ಚೂರು ಚೂರಾಗಿ ಕಿಟಕಿಯ ಪರದೆಗೆ ಹೋಗಿ ಅಂಟಿತು. ದೊಡ್ಡಪ್ಪ ಎದ್ದು ಪರದೆಯಿಂದ ಚೂರುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ನೆಟ್ಟಗೆ ಔಷಧಿ ಅಂಗಡಿಗೆ ಹೋಗಿ, ಬೀದಿಯೇ ಕೇಳುವಂತೆ ಅವನಿಗೆ ಛೀಮಾರಿ ಹಾಕಿದಳು. ಅವನು ತಲೆತಗ್ಗಿಸಿ, ಇನ್ನೂ ಸ್ವಲ್ಪ ದಿನ ನೋಡಿ ಎಂದಷ್ಟೇ ಹೇಳಿದ. ಎಂಥ ಕಲ್ಲು ಮನುಷ್ಯ! ಬೇರೆ ಅಂಗಡಿಯಿಂದ ಮಾತ್ರೆ ತಂದು ನುಂಗಿದಳು. ಮರುದಿನ ಮಧ್ಯಾಹ್ನ ಕೆಲಸದ ಮೇಜಿನ ಮೇಲೇ ನಿದ್ದೆ ಹೋದಳು. ಎದ್ದಾಗ ಕೆನ್ನೆ ಚಿನ್ನದ್ದಾಗಿತ್ತು, ಚೌಕಟ್ಟು ಮಾತ್ರ ಬೋಳು.

"ಪುಟ್ಟಿ, ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು," ಎಂದರು ದೊಡ್ಡಪ್ಪ. "ಬೇರೆಯವರನ್ನ ಕರೆಸ್ತೀನಿ."

'ಆಗಲ್ಲವಾ? ನನ್ನ ಕೈಲಿ ನಿಜವಾಗಿಯೂ ಆಗಲ್ಲವಾ...' ಕಣ್ಣೊರೆಸಿಕೊಂಡು, ಫ್ಯಾನ್ ಆರಿಸಿ, ಇನ್ನೊಂದು ರೇಕನ್ನು ಕುಂಚದ ತುದಿಗೆ ತೆಗೆದುಕೊಂಡಳು.

ರೇಕು ಕೂತ ಮೇಲೆ ತಲೆ ಎತ್ತಿದರೆ, ಬಾಗಿಲಲ್ಲಿ ನಿಧಾನಪ್ಪ! ಅಣಕಿಸೋಕೆ ಬಂದನಾ?

"ಸೂಕ್ಷ್ಮವಾದದ್ದು ಹಿಡಿದಾಗಲೆಲ್ಲ ಹೀಗೇ ಉಸಿರು ಕಟ್ತೀರಾ?" ಎಂದು ಅವನು ಕೇಳಿದ.

"ಕಟ್ಟದಿದ್ರೆ ರೇಕು ಹಾರಿಹೋಗುತ್ತೆ. ಹತ್ತು ವರ್ಷದ ಅಭ್ಯಾಸ."

"ಸ್ಪ್ರೇ ಹಿಡಿದಾಗ?"

ಅವಳು ಹಣೆ ಚಚ್ಚಿಕೊಂಡಳು. ದಿನಾ ಬೆಳಿಗ್ಗೆ ತಲೆ ಹಿಂದಕ್ಕೆ ಚಾಚಿ, ಉಸಿರು ಬಿಗಿಹಿಡಿದು, ಅಲುಗಾಡದೆ ನಿಂತು ಹಾಕಿಕೊಳ್ಳುತ್ತಿದ್ದಳು! ಔಷಧಿ ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿಯುತ್ತಿತ್ತು. ಮೊದಲು ನಕ್ಕವರು ದೊಡ್ಡಪ್ಪ. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ.

ಹೇಳಿಕೊಡದೆ ಕೊಟ್ಟದ್ದು ತನ್ನದೇ ತಪ್ಪು ಎಂದು ಅವನು ಒಪ್ಪಿಕೊಂಡ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಕೊಳವೆಯ ತುದಿಯನ್ನು ಮೂಗಿನೊಳಗೆ ಹೊರಮಗ್ಗುಲಿನ ಕಡೆಗೆ ತಿರುಗಿಸಿಟ್ಟು, ಮೆಲ್ಲಗೆ ಉಸಿರು ಎಳೆದುಕೊಳ್ಳುವುದನ್ನು ತೋರಿಸಿಕೊಟ್ಟ. ಅವಳು ಹಾಗೇ ಮಾಡಿದಳು. ಈ ಸಲ ಕಹಿ ಇರಲಿಲ್ಲ.

ಆಗ ಅವಳಿಗೆ ಹೊಳೆಯಿತು... ಬೀದಿಯಲ್ಲಿ ಅಷ್ಟು ಬೈದವಳಿಗಾಗಿ ಇವನು ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಮುಚ್ಚಿ ಬಂದಿದ್ದಾನೆ. ಯಾಕೆ ಎಂದು ಕೇಳಿದ್ದಕ್ಕೆ ತಡವರಿಸಿ, ದೊಡ್ಡಪ್ಪನ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಉಳಿದದ್ದು ಹದಿನೈದು ದಿನ. ಅಂಗಡಿ ತೆರೆಯುವ ಮುನ್ನ ಅವನು ಬಾಗಿಲಲ್ಲಿ ನಿಂತು ನಿನ್ನೆ ಎಷ್ಟು ಸೀನು ಎಂದು ಕೇಳುವುದು, ಅವಳು ಲೆಕ್ಕ ಒಪ್ಪಿಸುವುದು ದಿನಚರಿಯಾಯಿತು. ಹನ್ನೆರಡು, ಎಂಟು, ಮೂರು. ಸೀನು ಕಡಿಮೆಯಾದಷ್ಟೂ ಅವಳು ಅವನ ದಾರಿ ಕಾಯುವುದು ಹೆಚ್ಚಾಯಿತು. ಇದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

ಆ ದಿನ ಬಂತು. ಮ್ಯೂಸಿಯಂನ ಮುಖ್ಯಸ್ಥೆ ಇಬ್ಬರು ಸಹಾಯಕರೊಡನೆ ಬಂದು ಕೂತರು. ಒಂದಾದ ಮೇಲೊಂದು ರೇಕು ಎದ್ದು, ತೇಲಿ, ಚೌಕಟ್ಟಿನಲ್ಲಿ ಕೆತ್ತಿದ ಹೂಬಳ್ಳಿಯ ಮೇಲೆ ಮಲಗಿತು. ಅವಳ ಮೂಗು ಒಮ್ಮೆಯೂ ಕೆರಳಲಿಲ್ಲ, ಕೈ ಒಮ್ಮೆಯೂ ತಪ್ಪಲಿಲ್ಲ. ಕೊನೆಯ ಎಸಳು ಹೊಳೆದಾಗ ಮುಖ್ಯಸ್ಥೆ ಕನ್ನಡಕ ಏರಿಸಿಕೊಂಡು ರೇಕುಗಳ ಸಂದು ಹುಡುಕಿದರು. ಎಲ್ಲೂ ಸಿಗಲಿಲ್ಲ. ಇನ್ನು ತಮ್ಮ ಚೌಕಟ್ಟುಗಳೆಲ್ಲ ಈ ಕೈಗೇ ಎಂದು ಹೇಳಿ ಹೋದರು.

ದೊಡ್ಡಪ್ಪ ಎದ್ದು, ತಮ್ಮ ಕುರ್ಚಿಯನ್ನು ಅಂಗೈಯಿಂದ ಒರೆಸಿದರು.

"ಕೂತ್ಕೋ ಯಜಮಾನಿ."

ಕೂತಳು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು, ಚಿನ್ನ ಮೆತ್ತಿದ ಕೈಯಲ್ಲೇ ಬೀದಿ ದಾಟಿದಳು.

ಔಷಧಿ ಅಂಗಡಿಯಲ್ಲಿ ಸಾಲು ನಿಂತಿತ್ತು. ಅವಳು ಸೀದಾ ಮುಂದಕ್ಕೆ ಹೋದಳು.

"ಗೆದ್ದೆ."

ಅವನ ಕಣ್ಣು ತುಂಬಿ ಬಂತು.

"ಇನ್ನೊಂದು ಮಾತಿದೆ," ಎಂದಳು. "ನೀವಂದ್ರೆ ನನಗೆ ಪ್ರಾಣ."

ಅವನ ಕೈಯಲ್ಲಿದ್ದ ಡಬ್ಬಿ ಕೈಯಲ್ಲೇ ಉಳಿಯಿತು.

"ನನ್ನ ಬಿಪಿ ಮಾತ್ರೆ ಇರಲಿ," ಎಂದರು ಸಾಲಿನ ಮುಂದಿದ್ದ ಅಜ್ಜ. "ಮೊದಲು ಆ ಮಗೂಗೆ ಉತ್ತರ ಕೊಡಪ್ಪ."

ಅವನು ಕೌಂಟರ್ ಬಳಸಿಕೊಂಡು ಈಚೆ ಬಂದು, ಎಲ್ಲರೆದುರು ಅವಳ ಕೈ ಹಿಡಿದ.

"ನೀವು ಜಗಳ ಆಡಿದ ಮೊದಲ ದಿನದಿಂದ ನನಗೂ ಅಷ್ಟೇ. ಆದ್ರೆ ಬಾಯಿಬಿಟ್ಟು ಹೇಳೋಕೆ ನನಗೆ ಇನ್ನೂ ಒಂದು ವರ್ಷ ಬೇಕಾಗ್ತಿತ್ತು."

"ಗೊತ್ತು," ಎಂದಳು ಅವಳು. "ಅದಕ್ಕೇ ನಾನೇ ಬಂದೆ."