ಗ್ಲಾಸು ಒರೆಸಿದ ಕೈ

ಜೂನ್ ಹನ್ನೊಂದರ ಗುರುವಾರ ಬೆಳಿಗ್ಗೆ ಒಸಾಕಾದ ಕಾಲುವೆ ಬದಿಯ ಠಾಣೆಗೆ ಒಂದು ದೂರು ಬಂತು. ದೂರು ತಂದವಳು ನರ್ಸ್ ಒರಿಹಾರಾ ಮಿತ್ಸುಕೊ. ಅಸಾಕುರಾ ಎಂಬ ದಂತವೈದ್ಯ ಮದುವೆಯಾಗುತ್ತೇನೆಂದು ನಂಬಿಸಿ, ಕ್ಲಿನಿಕ್ ತೆರೆಯಲು ಅವಳ ಉಳಿತಾಯವನ್ನೆಲ್ಲ ಪಡೆದು ಕೈಕೊಟ್ಟಿದ್ದ. ಹುಡುಕಿದರೆ ಆ ಹೆಸರಿನ ವೈದ್ಯನೇ ಇಲ್ಲ. ಫೋಟೋ ಎಂದರೆ ಮಾರುದೂರ ಓಡುತ್ತಿದ್ದನಂತೆ.

ಎಫ್‌ಐಆರ್ ಬರೆಸಿದ ಮೇಲೆ ಇನ್‌ಸ್ಪೆಕ್ಟರ್ ತೊಕುನಾಗಾ ಕಿಯೊಮಿ, ಅವನಲ್ಲಿ ಏನು ಕಂಡು ಮರುಳಾದೆ ಎಂದು ಮೆಲ್ಲಗೆ ಕೇಳಿದಳು.

"ನನ್ನ ತಣ್ಣೀರಿನ ಗ್ಲಾಸಿನ ಹೊರಗೆ ಹನಿ ಕಟ್ಟಿದ್ರೆ ಸಾಕು ಮೇಡಂ, ಕರ್ಚೀಫ್ ತೆಗೆದು ಒರೆಸೋರು. ಅಷ್ಟು ಜೋಪಾನ ನನ್ನ ಯಾರೂ ಮಾಡಿರ್ಲಿಲ್ಲ."

"ಅದು ಪ್ರೀತಿ ಅಲ್ಲಮ್ಮ, ತರಬೇತಿ," ಎಂದಳು ಕಿಯೊಮಿ.

ಹೆಂಗಸರಿಗೆ ಮದ್ಯ ಸುರಿದು, ಮುದ್ದುಮಾತಾಡಿ ದುಡಿಯುವ ಗಂಡಸರ ಕ್ಲಬ್ಬುಗಳ ಬೀದಿಯಲ್ಲೇ ಅವಳು ಗಸ್ತು ತಿರುಗಿದ್ದವಳು. ಅಲ್ಲಿ ಹೊಸಬನಿಗೆ ಮೊದಲ ಪಾಠವೇ ಗ್ಲಾಸು ಒರೆಸುವುದು. ಕಾನ್‌ಸ್ಟೆಬಲ್ ಹಯಾಮಿ ಅದೇ ಬೀದಿಯಲ್ಲಿ ವಿಚಾರಿಸಿದ. ಕಟ್ಟಡಗಳ ದಲ್ಲಾಳಿಯೊಬ್ಬ ಬಾಯಿಬಿಟ್ಟ: ದಂತವೈದ್ಯನ ವೇಷ ಕುಜಿ ಶಿನ್ಯಾನದು. ಒಂದು ಕಾಲಕ್ಕೆ ಆ ಬೀದಿಯ ಕ್ಲಬ್ಬುಗಳಲ್ಲಿ ನಂಬರ್ ಒನ್. ಸ್ವಂತ ಕ್ಲಬ್ ಮಾಡಿ ದಿವಾಳಿಯಾದವನು. ಶನಿವಾರ ಮಧ್ಯಾಹ್ನ ಸ್ಟೇಷನ್ ಎದುರಿನ ಕಾಫಿ ಅಂಗಡಿಯಲ್ಲಿ ಒಬ್ಬ ವಿಧವೆಯ ಬುತ್ತಿ ಅಂಗಡಿಯನ್ನು ಅಡವಿಡಿಸಿ, ಆ ದುಡ್ಡಿನಿಂದ ದಲ್ಲಾಳಿ ತೋರಿಸಿದ್ದ ಜಾಗದಲ್ಲಿ ಮತ್ತೆ ಕ್ಲಬ್ ತೆರೆಯುವವನಿದ್ದ. ದಲ್ಲಾಳಿಯ ಬಳಿಯಿದ್ದ ಹಳೆಯ ಫೋಟೋದಿಂದ ಉಪಯೋಗವಾಗಲಿಲ್ಲ. ಅದರಲ್ಲಿದ್ದ ಮೂಗನ್ನು ಅವನು ಆಗಲೇ ಆಪರೇಷನ್ ಮಾಡಿಸಿ ಬದಲಾಯಿಸಿಕೊಂಡಿದ್ದ.

ಶನಿವಾರ ಅಂಗಡಿ ತುಂಬಾ ಜೋಡಿಗಳೇ. ಕಿಯೊಮಿ ಬಾಗಿಲ ಬಳಿ ನಿಂತು ಮೇಜುಗಳನ್ನು ಒಂದೊಂದಾಗಿ ನೋಡಿದಳು. ತಪ್ಪು ಮೇಜಿಗೆ ಹೋದರೆ ಹಕ್ಕಿ ಹಾರಿಹೋಗುತ್ತದೆ, ವಿಧವೆಯ ಅಂಗಡಿಯೂ ಹೋಗುತ್ತದೆ. ಅಷ್ಟರಲ್ಲಿ ಕಿಟಕಿ ಬದಿ ಒಬ್ಬ ಕರವಸ್ತ್ರ ಮಡಚಿ ಎದುರಿನವಳ ಗ್ಲಾಸು ಒರೆಸಿದ. ಹುಟ್ಟುಗುಣ ಸುಟ್ಟರೂ ಹೋಗದಂತೆ, ಕಲಿತ ಗುಣವೂ ಅಷ್ಟೆ. ಬುತ್ತಿ ಅಂಗಡಿಯ ಆ ವಿಧವೆ, ಹಮಾಸಾಕಿ ತೊಯೊಕೊ, ಅಡವುಪತ್ರಕ್ಕೆ ಸಹಿಯ ಬದಲು ಒತ್ತುವ ತನ್ನ ಹೆಸರಿನ ಮುದ್ರೆಯನ್ನು ಕೈಗೆತ್ತಿಕೊಂಡಾಗಿತ್ತು.

"ಅಕ್ಕಾ, ಮುದ್ರೆ ಕೆಳಗಿಡಿ," ಎಂದಳು ಕಿಯೊಮಿ. "ನಡೀರಿ ಕುಜಿ ಅವ್ರೆ."

ಅವನು ಓಡಲಿಲ್ಲ. ಸ್ಥಳದಲ್ಲೇ ಮಹಜರು ಮುಗಿಯಿತು. ಠಾಣೆಯಲ್ಲಿ ಮಿತ್ಸುಕೊ ಅವನನ್ನು ಗುರುತಿಸಿದಳು, ಬಂಧನ ದಾಖಲಾಯಿತು.

ಯಾಕೆ ಮಾಡಿದೆ ಎಂದು ಕಿಯೊಮಿ ಕೇಳಿದಾಗ ಅವನು ಹೇಳಿದ: "ಕಾಲುವೆ ಪಕ್ಕದ ಗೋಡೆ ತುಂಬಾ ಕ್ಲಬ್ಬಿನ ಜಾಹೀರಾತು, ಅದರಲ್ಲಿ ನನ್ನ ಮುಖ ಇತ್ತು ಮೇಡಂ. ದಿವಾಳಿಯಾದ ದಿನ ಕೂಲಿಯವರು ಅದನ್ನ ಪಟ್ಟಿಪಟ್ಟಿಯಾಗಿ ಕಿತ್ರು. ಕೆಳಗೇ ನಿಂತು ನೋಡ್ತಿದ್ದೆ. ಒಬ್ರಿಗೂ ನನ್ನ ಗುರುತು ಸಿಗ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ತೊಯೊಕೊ ಮುದ್ರೆಯ ಚೀಲವನ್ನು ಅವುಚಿಕೊಂಡು ಕೂತಿದ್ದಳು. ಹಯಾಮಿ ತಣ್ಣನೆಯ ಬಾರ್ಲಿ ಚಹಾ ತಂದಿಟ್ಟ. ಗ್ಲಾಸಿನ ಹೊರಗೆ ಹನಿ ಕಟ್ಟಿತು. ಅವಳು ಅದನ್ನೇ ನೋಡುತ್ತ ಕೂತದ್ದನ್ನು ಕಿಯೊಮಿ ಬಾಗಿಲಲ್ಲಿ ನಿಂತು ಕಂಡಳು. ಆಮೇಲೆ ತೊಯೊಕೊ ತನ್ನ ಏಪ್ರನ್ನಿನ ತುದಿಯಲ್ಲಿ ತಾನೇ ಗ್ಲಾಸು ಒರೆಸಿ, ಗಟಗಟ ಕುಡಿದು ಎದ್ದಳು.

"ಬರ್ತೀನಮ್ಮ. ನಾಳೆಗೆ ಅಕ್ಕಿ ನೆನೆಹಾಕ್ಬೇಕು, ಅಂಗಡಿ ತೆಗೀಬೇಕಲ್ಲ."

ಮೂರು ದಿನದಲ್ಲಿ ಮೊದಲ ಸಲ ಕಿಯೊಮಿ ನೆಮ್ಮದಿಯ ಉಸಿರು ಬಿಟ್ಟಳು.